ನಂದಾದೀವಿಗೆಯ ಎಣ್ಣೆ, ಸೂರ್ಯನ ಗುತ್ತಿಗೆ

ತುಮಕೂರು ಜಿಲ್ಲೆಯ ಒಂದು ಚಿಕ್ಕ ಊರಿನ ಬಸದಿಯ ಆಡಳಿತ ಮಂಡಳಿಗೆ ಕೆಲವು ತಿಂಗಳ ಹಿಂದೆ ಒಂದು ಪತ್ರ ಬಂದಿತು. ಬಸದಿಯ ಹೆಸರಿನಲ್ಲಿ ಉಳಿದುಕೊಂಡಿರುವ ಹದಿನಾಲ್ಕು ಎಕರೆ ಖುಷ್ಕಿ ಜಮೀನನ್ನು ಸೌರ ವಿದ್ಯುತ್ ಉತ್ಪಾದನೆಗಾಗಿ ದೀರ್ಘಾವಧಿಯ ಗುತ್ತಿಗೆಗೆ ಕೊಡುವಿರಾ ಎಂಬುದು ಅದರ ಸಾರಾಂಶ. ಸದಸ್ಯರಿಗೆ ಸಹಜವಾಗಿಯೇ ಸಂತೋಷವಾಯಿತು. ಮಳೆ ಬಂದ ವರ್ಷ ಒಂದಿಷ್ಟು ಕಡಲೆಕಾಯಿ, ಬಾರದ ವರ್ಷ ಬರಿಯ ಕಂದಾಯದ ರಸೀತಿ ಕೊಡುತ್ತಿದ್ದ ನೆಲವು ವರ್ಷವರ್ಷವೂ ನಿಶ್ಚಿತ ವರಮಾನ ತರುವುದಾದರೆ ನಿತ್ಯಪೂಜೆ, ಜೀರ್ಣೋದ್ಧಾರ, ಬಡ ಮಕ್ಕಳ ವಿದ್ಯಾರ್ಥಿ ವೇತನ ಎಲ್ಲಕ್ಕೂ ದಾರಿಯಾಗುವುದು. ಕಲ್ಲಿದ್ದಲನ್ನು ಸುಡದೆ, ಹೊಗೆಯುಗುಳದೆ ದೊರೆಯುವ ವಿದ್ಯುತ್ತು ಅಹಿಂಸಾ ಧರ್ಮಕ್ಕೂ ಅನುಗುಣವಲ್ಲವೆ ಎಂದು ಒಬ್ಬರು ಹೇಳಿದರು, ಯಾರೂ ಅಲ್ಲಗಳೆಯಲಿಲ್ಲ.

ಮಂಡಳಿಯಲ್ಲಿ ಹಿರಿಯರಾದ ನಿವೃತ್ತ ಶಿಕ್ಷಕರೊಬ್ಬರು ಮಾತ್ರ ಸಹಿ ಹಾಕದೆ ಹದಿನೈದು ದಿನಗಳ ಕಾಲಾವಕಾಶ ಕೇಳಿದರು. ಆ ಹೊಲದಲ್ಲಿ ಕಳೆ ತೆಗೆದು, ಕಾಯಿ ಬಿಡಿಸಿ ಕೂಲಿ ಪಡೆಯುವವರು ಗುತ್ತಿಗೆಯ ನಂತರ ಏನು ಮಾಡುವರು ಎಂಬುದು ಅವರ ಪ್ರಶ್ನೆ. ಅದನ್ನು ನೋಡಿಕೊಳ್ಳುವುದು ಸರ್ಕಾರದ ಕೆಲಸ, ಮಂಡಳಿಯದಲ್ಲ ಎಂಬ ಉತ್ತರ ಬಂದಿತು. ಹಾಗಾದರೆ ಸರ್ಕಾರವು ಆ ಕೆಲಸವನ್ನು ಇದುವರೆಗೆ ಹೇಗೆ ಮಾಡಿದೆ ಎಂಬುದನ್ನು ನೋಡಿಬರುವೆನೆಂದು ಅವರು ಪಾವಗಡದ ಬಸ್ಸು ಹತ್ತಿದರು.

ಪಾವಗಡ ತಾಲ್ಲೂಕು ಜೈನರಿಗೆ ಅಪರಿಚಿತ ನೆಲವೇನಲ್ಲ. ನಿಡುಗಲ್ಲಿನ ಬೆಟ್ಟದಲ್ಲಿ ಹದಿಮೂರನೆಯ ಶತಮಾನದ ಬಸದಿಯ ಶಾಸನವುಂಟು. ಇಂದು ಆ ತಾಲ್ಲೂಕಿನ ಹೆಸರು ದೇಶಕ್ಕೆಲ್ಲ ತಿಳಿದಿರುವುದು ಬೇರೆಯದೇ ಕಾರಣದಿಂದ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಗ್ರಾಮಗಳಿಗೆ ಸೇರಿದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು ಹರಡಿಕೊಂಡಿದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಗೊಂಡು 2019ರ ಕೊನೆಗೆ ಅದು ಪೂರ್ಣಗೊಂಡಿತು. ಬಿಸಿಲನ್ನು ಶಾಪವೆಂದೇ ತಿಳಿದಿದ್ದ ಬರಗಾಲದ ಸೀಮೆಗೆ ಬಿಸಿಲೇ ಬೆಳೆಯಾಯಿತೆಂಬುದು ಸಾಮಾನ್ಯ ಸಂಗತಿಯಲ್ಲ.

ಇಲ್ಲಿ ಸರ್ಕಾರವು ವಹಿಸಿದ ಪಾತ್ರ ವಿಚಾರಾರ್ಹವಾದುದು. ಕಂಪೆನಿಗಳಿಗೆ ಬೇಕಾದ ಭೂಮಿಯನ್ನು ಸ್ವಾಧೀನಪಡಿಸಿಕೊಂಡು ರೈತರ ಕೈಗೆ ಒಮ್ಮೆಗೇ ಪರಿಹಾರದ ಹಣವಿಡುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಆ ಹಣ ಎರಡು ಮದುವೆ, ಒಂದು ಮನೆಯಲ್ಲಿ ಕರಗಿಹೋದುದನ್ನು ಕಾಣದ ಊರಿಲ್ಲ. ಪಾವಗಡದಲ್ಲಿ ಹಾಗೆ ಮಾಡಲಿಲ್ಲ. ಕೇಂದ್ರದ ಸೌರಶಕ್ತಿ ನಿಗಮವೂ ರಾಜ್ಯದ ನವೀಕರಿಸಬಹುದಾದ ಇಂಧನ ಸಂಸ್ಥೆಯೂ ಕೂಡಿ 2015ರಲ್ಲಿ ಸ್ಥಾಪಿಸಿದ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವು ರೈತರಿಂದ ಭೂಮಿಯನ್ನು ಗುತ್ತಿಗೆಗೆ ಪಡೆದು, ರಸ್ತೆ, ವಿದ್ಯುತ್ ಕೇಂದ್ರಗಳನ್ನು ನಿರ್ಮಿಸಿ, ಬಳಿಕ ಉತ್ಪಾದಕರಿಗೆ ಹಂಚಿಕೊಟ್ಟಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆ, ಕಾಲು ಶತಮಾನಕ್ಕೂ ಮಿಕ್ಕ ಅವಧಿ. ಭೂಮಿಯ ಒಡೆತನ ರೈತನದೇ. ಬೃಹತ್ ಕಂಪೆನಿಯ ಮುಂದೆ ಒಂಟಿಯಾಗಿ ನಿಂತು ಚೌಕಾಸಿ ಮಾಡಬೇಕಾಗಿದ್ದ ಎರಡೆಕರೆಯ ರೈತನ ಪರವಾಗಿ ಸರ್ಕಾರವೇ ನಿಂತಿತೆಂದರೆ ಅತಿಶಯೋಕ್ತಿಯಾಗದು.

ಹಿರಿಯರು ಅಲ್ಲಿ ಜಮೀನುಳ್ಳವರನ್ನು ಮಾತನಾಡಿಸಿದರು. ಬಹುಮಟ್ಟಿಗೆ ತೃಪ್ತಿಯ ಮಾತೇ ಕೇಳಿಬಂದಿತು. ಜಮೀನಿಲ್ಲದವರನ್ನು ಮಾತನಾಡಿಸಿದಾಗ ಬೇರೆಯೇ ಲೆಕ್ಕ ತೆರೆಯಿತು. ಹೊಲವೇ ಇಲ್ಲವೆಂದ ಮೇಲೆ ಹೊಲದ ಕೂಲಿಯೂ ಇಲ್ಲ. ಹುಲ್ಲು ಕೊಯ್ಯಲು, ಫಲಕಗಳನ್ನು ತೊಳೆಯಲು, ಕಾವಲಿಗೆ ಕೆಲವರು ಸಾಕು. ಅಷ್ಟು ಎಕರೆಯ ಬೇಸಾಯ ಕೊಡುತ್ತಿದ್ದಷ್ಟು ಕೈಗೆಲಸವನ್ನು ಸೂರ್ಯನ ಫಲಕ ಕೊಡಲಾರದು. ಕುರಿ ಮೇಯಿಸುವವರಿಗೆ ಬೇಲಿ ಅಡ್ಡವಾಯಿತು. ಶಾಲೆ, ರಸ್ತೆಗಳ ಅಭಿವೃದ್ಧಿಗೆ ಹಣವಿಟ್ಟದ್ದುಂಟು. ಆದರೆ ಬಾಡಿಗೆಯ ಕರಾರಿನಲ್ಲಿ ಭೂಹೀನನಿಗೆ ಪಾಲಿಲ್ಲ, ಏಕೆಂದರೆ ಪಹಣಿಯಲ್ಲಿ ಅವನ ಹೆಸರಿಲ್ಲ.

ವಿದ್ಯುತ್ತಿನ ಮಾರುಕಟ್ಟೆಯು ತರಕಾರಿಯ ಸಂತೆಯಂತಲ್ಲ. ಉತ್ಪಾದನೆಯೂ ಬಳಕೆಯೂ ಕ್ಷಣಕ್ಷಣಕ್ಕೂ ಸರಿದೂಗಬೇಕು. ಮನೆಗೆ ಬರುವ ತಂತಿ ಒಂದೇ. ಆದುದರಿಂದ ಯಾರಾದರೊಬ್ಬರು ನಿಯಮ ಹಾಕಲೇಬೇಕಾಗುತ್ತದೆ. ಕರ್ನಾಟಕದಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 1999ರಲ್ಲಿಯೇ ಸ್ಥಾಪನೆಯಾಯಿತು. 2003ರ ವಿದ್ಯುಚ್ಛಕ್ತಿ ಕಾಯಿದೆಯು ಸ್ಪರ್ಧಾತ್ಮಕ ಹರಾಜಿನಿಂದ ದರ ನಿಗದಿಮಾಡುವುದಕ್ಕೂ, ನವೀಕರಿಸಬಹುದಾದ ಮೂಲಗಳಿಂದ ಇಂತಿಷ್ಟು ಪಾಲು ಕೊಳ್ಳಲೇಬೇಕೆಂದು ವಿಧಿಸುವುದಕ್ಕೂ ಅವಕಾಶ ಮಾಡಿತು. 2010ರ ಮೊದಲ ರಾಷ್ಟ್ರೀಯ ಹರಾಜಿನಲ್ಲಿ ಯೂನಿಟ್ಟಿಗೆ 10.95 ರೂಪಾಯಿ ಅತ್ಯಂತ ಕಡಿಮೆಯ ಸೌರ ದರವಾಗಿತ್ತು. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ ಅದು 1.99ಕ್ಕೆ ಇಳಿಯಿತು. ಇದನ್ನು ಮಾರುಕಟ್ಟೆಯ ಪವಾಡವೆಂದು ಹೊಗಳುವವರುಂಟು. ಫಲಕಗಳ ಬೆಲೆ ಕುಸಿದುದು ನಿಜವೇ. ಆದರೆ ಇಪ್ಪತ್ತೈದು ವರ್ಷ ಕೊಂಡೇ ಕೊಳ್ಳುವೆವೆಂಬ ಸರ್ಕಾರಿ ಸಂಸ್ಥೆಗಳ ಕರಾರಿಲ್ಲದಿದ್ದರೆ ಯಾವ ಸಾಹುಕಾರನೂ ಆ ದರಕ್ಕೆ ಸಾಲ ಕೊಡುತ್ತಿರಲಿಲ್ಲ. ಅಗ್ಗದ ವಿದ್ಯುತ್ತಿನ ಬೆನ್ನಿಗೆ ಕೊಟ್ಟ ಮಾತೊಂದಿದೆ.

ಆ ಮಾತು ಅಲುಗಾಡಿದರೆ ಏನಾಗುವುದೆಂಬುದನ್ನು ನೆರೆಯ ಆಂಧ್ರಪ್ರದೇಶ ಕಂಡಿತು. 2019ರಲ್ಲಿ ಅಲ್ಲಿ ಅಧಿಕಾರಕ್ಕೆ ಬಂದ ಹೊಸ ಸರ್ಕಾರವು ಹಿಂದಿನ ದರಗಳು ದುಬಾರಿಯೆಂದು ಪವನ ಮತ್ತು ಸೌರ ವಿದ್ಯುತ್ ಒಪ್ಪಂದಗಳನ್ನು ಮರುಪರಿಶೀಲಿಸಹೊರಟಿತು. ವ್ಯಾಜ್ಯ ನಡೆದು, 2022ರ ಮಾರ್ಚ್‌ನಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ಒಪ್ಪಂದದ ದರವನ್ನೇ ಪಾಲಿಸಬೇಕೆಂದು ತೀರ್ಪಿತ್ತಿತು. ಪ್ರಜೆಯ ಹಣ ಉಳಿಸುವ ಉದ್ದೇಶ ಸುಳ್ಳೆನ್ನಲಾಗದು. ಆದರೂ ಸತ್ಯವ್ರತವು ವ್ಯಕ್ತಿಗೆ ಮಾತ್ರ ವಿಧಿಸಿದ್ದೇ, ರಾಜ್ಯಕ್ಕಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ.

ಬಂಡವಾಳ ಹಾಕಿದವನಿಗೆ ಕರಾರುಪತ್ರವಿದೆ, ನ್ಯಾಯಾಲಯವಿದೆ. ಜಮೀನಿನ ರೈತನಿಗೂ ಇದೆ. ರಾಜಸ್ಥಾನ, ಗುಜರಾತುಗಳ ಬಯಲಿನಲ್ಲಿ ವಿದ್ಯುತ್ ತಂತಿಗಳಿಗೆ ಬಡಿದು ಸಾಯುತ್ತಿದ್ದ ಎರ್ಲಡ್ಡು ಹಕ್ಕಿಯ ಪರವಾಗಿಯೂ ಪಕ್ಷಿಪ್ರಿಯರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ತಂತಿಗಳನ್ನು ನೆಲದೊಳಗೆ ಹಾಕಬೇಕೆಂದು 2021ರಲ್ಲಿ ಆದೇಶವಾಯಿತು. 2024ರಲ್ಲಿ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಲಾಯಿತು. ಮೂಕ ಪಕ್ಷಿಗೆ ಇಷ್ಟಾದರೂ ದೊರೆತುದು ಸಮಾಧಾನದ ಸಂಗತಿ. ಕೂಲಿಯವನು ಮೂಕನಲ್ಲ, ಆದರೂ ಅವನ ಪರವಾಗಿ ಯಾವ ಕಾಗದವೂ ಮಾತನಾಡುವುದಿಲ್ಲ. ಯೂನಿಟ್ಟಿನ ದರ ಇಳಿದಷ್ಟೂ ಅವನ ನಷ್ಟವು ಆ ದರದಲ್ಲಿ ಸೇರದೆ ಹೊರಗೆ ಉಳಿಯುತ್ತದೆ. ಅದನ್ನು ಒಳಗೆ ತರುವ ಶಕ್ತಿ ಹರಾಜಿನ ನಿಬಂಧನೆ ಬರೆಯುವ ಸರ್ಕಾರಕ್ಕಲ್ಲದೆ ಬೇರೆ ಯಾರಿಗೂ ಇಲ್ಲ. ಗುತ್ತಿಗೆಯ ಪತ್ರದಲ್ಲಿ ಎರಡು ಸಾಲು ಹೆಚ್ಚು ಬರೆದಿದ್ದರೆ ದರ ಎಷ್ಟು ಪೈಸೆ ಏರುತ್ತಿತ್ತು?

ಮರಳಿ ಬರುವಾಗ ಹಿರಿಯರಿಗೆ 1974 ನೆನಪಾಯಿತು. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ನಾಡಿನ ಎಷ್ಟೋ ಬಸದಿಗಳಂತೆ ಈ ಬಸದಿಯೂ ಗೇಣಿಯ ಜಮೀನನ್ನು ಕಳೆದುಕೊಂಡಿತು. ದೀಪಕ್ಕೆ ಎಣ್ಣೆಯಿಲ್ಲದಾಯಿತೆಂದು ಸಮಾಜದವರು ನೊಂದಿದ್ದರು. ಅಂದು ತರುಣರಾಗಿದ್ದ ಅವರೂ ನೊಂದಿದ್ದರು. ಆದರೆ ಅಂದು ಸರ್ಕಾರವು ಹೊಲದಲ್ಲಿ ನಿಂತು, ಉಳುವವನು ಯಾರು ಎಂದು ಕೇಳಿತ್ತು. ಕೂಲಿಯವನಿಗೆ ಅಂದೂ ಹೆಚ್ಚೇನೂ ದಕ್ಕಲಿಲ್ಲವೆಂಬುದು ಬೇರೆ ಮಾತು. ಪಾವಗಡದಲ್ಲಿ ಆ ಪ್ರಶ್ನೆಯೇ ಏಳಲಿಲ್ಲ.

ಎರಡನೆಯ ಸಭೆಯಲ್ಲಿ ಅವರು ಒಂದು ಸೂಚನೆ ಮುಂದಿಟ್ಟರು: ಬರುವ ಬಾಡಿಗೆಯಲ್ಲಿ ಹತ್ತರಲ್ಲೊಂದು ಪಾಲನ್ನು ಆ ಹೊಲದ ಕೂಲಿಯ ಕುಟುಂಬಗಳಿಗೆ ಗುತ್ತಿಗೆಯ ಅವಧಿಯುದ್ದಕ್ಕೂ ಕೊಡತಕ್ಕದ್ದು. ಬಿರುಸಿನ ಚರ್ಚೆಯಾಯಿತು. ಸರ್ಕಾರವೇ ಮಾಡದಿದ್ದುದನ್ನು ಬಡ ಬಸದಿ ಏಕೆ ಮಾಡಬೇಕೆಂದು ಕೋಶಾಧಿಕಾರಿಗಳು ಕೇಳಿದರು. ಆ ಮಾತಿನಲ್ಲಿ ನ್ಯಾಯವಿಲ್ಲವೆನ್ನಲಾಗದು. ಬಸದಿಯ ದತ್ತಿಗಳು ಪೂಜೆಗೆ ಮೀಸಲಾದವು, ಅನ್ಯಕಾರ್ಯಕ್ಕೆ ಸಲ್ಲವು ಎಂದು ಇನ್ನೊಬ್ಬರು ಆಕ್ಷೇಪಿಸಿದರು. ಹಿರಿಯರು ನಂದಾದೀವಿಗೆಯ ಶಾಸನಗಳ ಪ್ರಸ್ತಾಪ ಮಾಡಿದರು. ಗಾಣವೊಂದಕ್ಕೆ ಇಷ್ಟು ಎಣ್ಣೆಯೆಂದು ಹಳಬರು ಕಲ್ಲಿನಲ್ಲಿ ಬರೆಸಿದರು; ದಾನಿಯ ಹೆಸರು, ದೊರೆಯ ಹೆಸರು, ತಿಥಿ, ನಕ್ಷತ್ರ ಎಲ್ಲವೂ ಅಲ್ಲಿ ಸಿಕ್ಕುತ್ತವೆ. ಗಾಣದ ಸುತ್ತ ನಡೆದ ಆಳಿನ ಹೆಸರು ಸಾಮಾನ್ಯವಾಗಿ ಸಿಕ್ಕುವುದಿಲ್ಲ. ಆ ಕೊರತೆಯನ್ನು ಪಾವಗಡದಲ್ಲಿಯೂ ಕಂಡು ಬಂದೆನೆಂದರು.

ಕಂಪೆನಿಯ ಪ್ರತಿನಿಧಿಯು ತಮ್ಮ ಕರಡು ಪತ್ರದಲ್ಲಿ ಅಂತಹ ನಿಬಂಧನೆಗೆ ಸ್ಥಳವಿಲ್ಲವೆಂದೂ, ಮಂಡಳಿಯು ತನ್ನ ಪಾಲಿನ ಹಣವನ್ನು ಏನು ಬೇಕಾದರೂ ಮಾಡಿಕೊಳ್ಳಬಹುದೆಂದೂ ವಿನಯದಿಂದಲೇ ತಿಳಿಸಿದರು. ನಿರ್ಣಯವನ್ನು ಮುಂದಿನ ಸಭೆಗೆ ಇಡಲಾಯಿತು. ಅಲ್ಲಿಯವರೆಗೆ ಫಲಾನುಭವಿಗಳ ಪಟ್ಟಿಯನ್ನಾದರೂ ಸಿದ್ಧಪಡಿಸೋಣವೆಂದು ಎಲ್ಲರೂ ಒಪ್ಪಿದ ಮೇಲೆ ಕಾರ್ಯದರ್ಶಿಗಳು ನಡಾವಳಿ ಪುಸ್ತಕವನ್ನು ತೆರೆದರು. ನಲವತ್ತು ವರ್ಷದಿಂದ ಬಸದಿಯ ಹೊಲದಲ್ಲಿ ದುಡಿಯುತ್ತಿರುವ ಕುಟುಂಬಗಳಲ್ಲಿ ಮೂರರ ಯಜಮಾನರ ಹೆಸರು ಮಾತ್ರ ಸದಸ್ಯರಿಗೆ ತಿಳಿದಿತ್ತು. ಉಳಿದವರನ್ನು ಕೆರೆಯಾಚೆಯವರೆಂದು ಕರೆಯುವುದು ರೂಢಿ. ಆರು ಸಾಲುಗಳನ್ನು ಖಾಲಿ ಬಿಡಲಾಯಿತು.