17 ಅಡಿ ಗೋಡೆಯ ಊರು ಗಾಲ್ವೆಸ್ಟನ್

ಹ್ಯೂಸ್ಟನ್‌ನಿಂದ ಒಂದು ಗಂಟೆ ಕಾರು ಓಡಿಸಿದರೆ ಗಾಲ್ವೆಸ್ಟನ್ ದ್ವೀಪ. ಊರಿಂದ ಅಪ್ಪ ಅಮ್ಮ ಬಂದ್ರೆ ಸಮುದ್ರ ತೋರಿಸೋಕೆ ನಮಗೆಲ್ಲ ಹತ್ತಿರದ ಜಾಗ ಇದೇ. ಮಲ್ಪೆಯ ನೀಲಿ ಇಲ್ಲಿಲ್ಲ, ನೀರು ಕಂದು. ನನ್ನ ಕಣ್ಣು ಹೋಗಿದ್ದು ದಡದುದ್ದಕ್ಕೂ ಇರುವ ಕಾಂಕ್ರೀಟ್ ಗೋಡೆಯ ಕಡೆ. ಎತ್ತರ 17 ಅಡಿ, ಉದ್ದ 10 ಮೈಲಿ. ಅದರ ಮೇಲೆ ಜನ ಸೈಕಲ್ ಹೊಡೀತಾರೆ, ಐಸ್‌ಕ್ರೀಮ್ ತಿಂತಾರೆ.

ನಮ್ಮಲ್ಲಿ ಸೈಕ್ಲೋನ್ ಅನ್ನೋದನ್ನೇ ಇಲ್ಲಿ ಹರಿಕೇನ್ ಅಂತಾರೆ. 1900ರ ಸೆಪ್ಟೆಂಬರ್ 8ರಂದು ಬಂದ ಹರಿಕೇನ್‌ಗೆ ಕನಿಷ್ಠ 6,000 ಜನ ಬಲಿಯಾದರು. ಉಳಿದವರು ಊರು ಬಿಡಲಿಲ್ಲ. 1902ರಲ್ಲಿ ಗೋಡೆ ಕಟ್ಟಲು ಶುರು ಮಾಡಿದರು. ಮನೆ, ಚರ್ಚುಗಳನ್ನು ಜಾಕ್ ಹಾಕಿ ಎತ್ತಿ ಕೆಳಗೆ ಮರಳು ತುಂಬಿಸಿದರು. ಊರಿನ ನೆಲವನ್ನೇ ಎತ್ತರಿಸಿದ್ರು! 1915ರ ಹರಿಕೇನ್‌ನಲ್ಲಿ ಆ ಗೋಡೆ ಊರನ್ನು ಕಾಯಿತು.

ಆದರೆ 2008ರಲ್ಲಿ ಐಕ್ ಬಂದಾಗ ನೀರು ಗೋಡೆ ಇಲ್ಲದ ಹಿಂಬದಿಯಿಂದ, ಕೊಲ್ಲಿಯ ಕಡೆಯಿಂದ ನುಗ್ಗಿತು. ಹಳೇ ಪೇಟೆಯ ಕಟ್ಟಡಗಳ ಮೇಲೆ ಆ ನೀರಿನ ಗುರುತಿನ ಫಲಕಗಳಿವೆ. ಪಕ್ಕದಲ್ಲಿ ನಿಂತು ನೋಡಿ, ಎದೆ ಝಲ್ಲೆನ್ನುತ್ತೆ.

ಇನ್ನೊಂದು ವಿಷಯ. 17 ಅಡಿ ಅನ್ನೋದು ಆ ಕಾಲದ ಕಡಲಿನ ಲೆಕ್ಕ. ಅಲ್ಲಿಂದ ಈಚೆಗೆ ಇಲ್ಲಿ ನೀರಿನ ಮಟ್ಟ ಸುಮಾರು 2 ಅಡಿ ಏರಿದೆ. ಒಂದಿಷ್ಟು ಕಡಲು ಏರಿದ್ದು, ಇನ್ನೊಂದಿಷ್ಟು ನೆಲ ಕುಸಿದದ್ದು.

ಹರಿಕೇನ್‌ಗೆ ಬಲ ಬರುವುದು ಬಿಸಿ ನೀರಿನಿಂದ. ಸಾಮಾನ್ಯವಾಗಿ ಕಡಲು 26.5 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಬಿಸಿ ಇರಬೇಕು. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ತೇವ ಹಿಡಿದಿಟ್ಟುಕೊಳ್ಳಬಲ್ಲದು. ಭೂಮಿ ಬಿಸಿಯಾದಂತೆ ಹರಿಕೇನ್‌ಗಳ ಸಂಖ್ಯೆ ಹೆಚ್ಚಬೇಕೆಂದೇನೂ ಇಲ್ಲ. ಆದರೆ ಬಂದವುಗಳಲ್ಲಿ ತೀರಾ ಬಲವಾದವುಗಳ ಪಾಲು, ಅವು ಸುರಿಸುವ ಮಳೆ ಎರಡೂ ಹೆಚ್ಚುತ್ತೆ ಅಂತಾರೆ ವಿಜ್ಞಾನಿಗಳು. 2017ರಲ್ಲಿ ಹಾರ್ವೆ ಟೆಕ್ಸಸ್‌ನ ಒಂದು ಊರಿನಲ್ಲಿ ಕೆಲವೇ ದಿನಗಳಲ್ಲಿ 60 ಇಂಚು ಮಳೆ ಸುರಿಸಿತು. ಬೆಂಗಳೂರಿಗೆ ಇಡೀ ವರ್ಷ ಬೀಳೋದು ಸುಮಾರು 40 ಇಂಚು!

ಈಗ ಕೊಲ್ಲಿಯ ಬಾಯಿಗೆ ದೊಡ್ಡ ಗೇಟುಗಳನ್ನು ಹಾಕುವ ಯೋಜನೆಗೆ 2022ರಲ್ಲಿ ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಅದು ಮುಗಿಯೋಕೆ ವರ್ಷಗಳೇ ಬೇಕು. ಹ್ಯೂಸ್ಟನ್ ಕಡೆ ಮನೆ ಕೊಳ್ಳೋ ಯೋಚನೆ ನನಗೂ ಇದೆ, 30 ವರ್ಷದ ಲೋನ್. ಆ 30 ವರ್ಷದಲ್ಲಿ ಕಡಲು ಎಲ್ಲಿಗೆ ಬಂದಿರುತ್ತೆ ಅನ್ನೋದು ಬಡ್ಡಿ ದರದಷ್ಟೇ ಮುಖ್ಯ. ಈಗ ಯಾವ ಮನೆ ನೋಡಿದ್ರೂ ಅಡುಗೆಮನೆಗಿಂತ ಮೊದಲು ಫ್ಲಡ್ ಮ್ಯಾಪ್ ನೋಡ್ತೀನಿ.