ಮತ್ತೆ ಎದ್ದು ನಿಲ್ಲುವ ವೆಚ್ಚ

ಅಪಘಾತದಲ್ಲಿ ಗಾಯಗೊಂಡವರು ನ್ಯಾಯಸ್ಥಾನಕ್ಕೆ ಹೋಗಿ ಪರಿಹಾರಧನವನ್ನು ಬೇಡುವುದೆಂದರೆ ನಮ್ಮ ಗೃಹಸ್ಥರಲ್ಲಿ ಅನೇಕರಿಗೆ ಸಂಕೋಚ. ನೋವನ್ನು ಮಾರಿ ಹಣ ಮಾಡಿಕೊಂಡರೆಂದು ನಾಲ್ಕು ಜನ ಆಡಿಕೊಂಡಾರೆಂಬ ಭೀತಿ. ಈ ಸಂಕೋಚಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲ. ಪರರ ಅಂಗಕ್ಕೆ ಪೀಡೆಯನ್ನುಂಟುಮಾಡಿದವನು 'ಸಮುತ್ಥಾನವ್ಯಯ'ವನ್ನು ಕೊಡತಕ್ಕದ್ದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯವು ವಿಧಿಸುತ್ತದೆ. ಸಮುತ್ಥಾನವೆಂದರೆ ಮತ್ತೆ ಏಳುವುದು. ಬಿದ್ದವನು ಎದ್ದು ನಿಲ್ಲುವವರೆಗೆ ತಗಲುವ ವೆಚ್ಚವೇ ಅದು. ಬಂಡಿಯಿಂದಾಗುವ ಹಾನಿಯ ವಿಚಾರವೂ ಅಲ್ಲಿಯೇ ಇದೆ. ನೊಗ ಮುರಿದು ಹಾನಿಯಾದರೆ ದಂಡವಿಲ್ಲ. ಸಾರಥಿಯ ಅಕೌಶಲದಿಂದ ಬಂಡಿ ದಾರಿ ತಪ್ಪಿದರೆ ಒಡೆಯನಿಗೆ ದಂಡ.

ಈಗ ನಮ್ಮ ದೇಶದಲ್ಲಿ ಈ ವಿಷಯಕ್ಕೆ ಆಧಾರವಾಗಿರುವುದು 1988ರ ಮೋಟಾರು ವಾಹನಗಳ ಕಾಯಿದೆ. ದಾರಿಹೋಕರಿಗಾಗುವ ಹಾನಿಗಾಗಿ ಪ್ರತಿಯೊಂದು ವಾಹನಕ್ಕೂ ವಿಮೆ ಇರಲೇಬೇಕೆಂದು ಅದರ ಕಟ್ಟಳೆ.

ಕೆಲವು ವರ್ಷಗಳ ಹಿಂದೆ ನನ್ನ ತಂಗಿಗೆ ಸರಕಿನ ವಾಹನವೊಂದು ತಗಲಿ ಬಲಗೈಯ ಮಣಿಕಟ್ಟು ಮುರಿಯಿತು. ವಾಹನದ ಒಡೆಯನು ಆಸ್ಪತ್ರೆಗೇ ಬಂದು, "ಪೊಲೀಸು ಕೋರ್ಟು ಎಂದು ಅಲೆಯುವುದೇಕೆ, ಮೇಷ್ಟ್ರೇ? ಹತ್ತು ಸಾವಿರ ಕೊಡುತ್ತೇನೆ. ಅಮ್ಮನವರೇನು ಸಂಬಳ ತರುವವರೇ?" ಎಂದನು. ಅವಳ ಯಜಮಾನರೂ ಒಪ್ಪುವವರಾಗಿದ್ದರು. ಆಗ ತಂಗಿ ಮಲಗಿದ್ದಲ್ಲಿಂದಲೇ, "ಅಣ್ಣಾ, ನಾನು ಮಾಡುವ ಕೆಲಸಕ್ಕೆ ಆರು ತಿಂಗಳು ಆಳನ್ನಿಟ್ಟರೆ ಎಷ್ಟಾಗುತ್ತದೆ, ಲೆಕ್ಕ ಹಾಕಿ ಹೇಳು" ಎಂದಳು. ಯಾರೂ ಮಾತನಾಡಲಿಲ್ಲ. ನಾವು ಅರ್ಜಿ ಸಲ್ಲಿಸಿದೆವು. ತೀರ್ಪು ಬರಲು ಎರಡು ವರ್ಷವಾದರೂ ಚಿಕಿತ್ಸೆಯ ವೆಚ್ಚದೊಡನೆ ಅವಳ ಮನೆಗೆಲಸದ ನಷ್ಟಕ್ಕೂ ಬೆಲೆ ಕಟ್ಟಲಾಗಿತ್ತು. ಕೈ ಮೊದಲಿನಂತಾಗಲಿಲ್ಲ, ತುಂಬಿದ ಕೊಡವನ್ನು ಈಗಲೂ ಎತ್ತಲಾರಳು.

ಅವಳ ಪ್ರಶ್ನೆ ನ್ಯಾಯವಾದುದೇ. ಗೃಹಿಣಿಗೆ ಸಂಬಳವಿಲ್ಲವೆಂಬ ಕಾರಣದಿಂದ ಅವಳ ಶ್ರಮವನ್ನು ಶೂನ್ಯವೆಂದೆಣಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2010ರಲ್ಲಿಯೂ 2021ರಲ್ಲಿಯೂ ಸ್ಪಷ್ಟಪಡಿಸಿದೆ. ಅಂಗವೈಕಲ್ಯವನ್ನು ಅಳೆಯುವ ಕ್ರಮವನ್ನು 2010ರ ತೀರ್ಪೊಂದು ವಿವರಿಸಿತು. ವೈದ್ಯರು ಬರೆದುಕೊಡುವ ಶೇಕಡಾವಾರು ಒಂದು. ದುಡಿಮೆಯಲ್ಲಾದ ನಷ್ಟ ಇನ್ನೊಂದು. ಎಡಗೈಯನ್ನು ಕಳೆದುಕೊಂಡ ಗುಮಾಸ್ತೆಯ ಉದ್ಯೋಗ ಉಳಿದೀತು. ಬಡಗಿಯ ಜೀವನೋಪಾಯವೇ ಹೋದೀತು.

ಗಣಿತದ ಕ್ರಮವೂ ಕಠಿನವಲ್ಲ. ವರ್ಷದ ಆದಾಯದಲ್ಲಿ ನಷ್ಟವಾದ ಭಾಗವನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸುವುದು. 2009ರ ತೀರ್ಪಿನಂತೆ 36ರಿಂದ 40 ವಯಸ್ಸಿನವರಿಗೆ ಗುಣಕ 15. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದವನ ದುಡಿಮೆ ಶೇಕಡಾ 20ರಷ್ಟು ಕುಂದಿದರೆ, ವರ್ಷಕ್ಕೆ 36,000. ಅದನ್ನು 15ರಿಂದ ಗುಣಿಸಿದರೆ 5,40,000. ಚಿಕಿತ್ಸೆ, ನೋವು ಮುಂತಾದುವುಗಳ ಬಾಬು ಬೇರೆ.

ವಾಚಕರು ನೆನಪಿಡತಕ್ಕ ಸಂಗತಿಗಳು ಕೆಲವಿವೆ. ಪೊಲೀಸರಿಗೆ ಕೂಡಲೆ ದೂರು ಕೊಡಬೇಕು. ಗಾಯದ ಪ್ರಮಾಣಪತ್ರ, ಔಷಧದ ಚೀಟಿ, ಬಾಡಿಗೆ ಗಾಡಿಯ ರಸೀದಿ, ಇವನ್ನೆಲ್ಲ ಒಂದೆಡೆ ಕಟ್ಟಿಡಬೇಕು. ಅರ್ಜಿಯನ್ನು ಅಪಘಾತವಾದ ಊರಿನ ಮೋಟಾರು ಅಪಘಾತ ನ್ಯಾಯಾಧಿಕರಣಕ್ಕೇ ಕೊಡಬೇಕೆಂದಿಲ್ಲ. ತಾವು ವಾಸಿಸುವ ಪ್ರದೇಶದ ನ್ಯಾಯಾಧಿಕರಣಕ್ಕೂ ಕೊಡಬಹುದು. 2019ರ ತಿದ್ದುಪಡಿಯು ಆರು ತಿಂಗಳ ಅವಧಿಯನ್ನು ಹೇಳಿರುವುದರಿಂದ ಅಷ್ಟರೊಳಗೇ ಸಲ್ಲಿಸುವುದು ಕ್ಷೇಮ. ಡಿಕ್ಕಿಹೊಡೆದ ವಾಹನವು ಗುರುತು ಸಿಕ್ಕದಂತೆ ಓಡಿಹೋದರೂ ನಿರಾಶರಾಗಬೇಕಾದುದಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಂತೆ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ದೊರೆಯುತ್ತದೆ.

ಪರಿಹಾರವೆಂಬುದು ದೇಹದ ಬೆಲೆಯಲ್ಲ, ದಾನವೂ ಅಲ್ಲ. ಬಿದ್ದವರನ್ನು ಎಬ್ಬಿಸಿ ನಿಲ್ಲಿಸುವ ಹೊಣೆ ಬೀಳಿಸಿದವರದು. ಆ ಹೊಣೆಯನ್ನು ನೆನಪಿಸುವುದರಲ್ಲಿ ನಾಚಿಕೆಪಡತಕ್ಕದ್ದೇನಿದೆ?