ದತ್ತ ಬರೆಯದ ಪ್ರಮೇಯ

ತುಮಕೂರಿನ ಆ ಗಣಿತದ ಮೇಷ್ಟ್ರು ಮೂವತ್ತೆರಡು ವರ್ಷ ಪ್ರಮೇಯ ಕಲಿಸಿದವರು. ಚಿತ್ರ ಬರೆದ ಕೂಡಲೇ ಹುಡುಗರು ಸಾಧನೆಗೆ ಹಾರಿದರೆ ಅವರಿಗೆ ಎಲ್ಲಿಲ್ಲದ ಸಿಟ್ಟು. ‘ಮೊದಲು ದತ್ತ ಬರಿಯೋ. ಏನು ಕೊಟ್ಟಿದೆ ಅಂತ ಹೇಳದೆ ಏನು ಸಾಧಿಸ್ತೀಯ?’ ಎಂದು ಕೇಳಿ, ಉತ್ತರ ಸರಿಯಿದ್ದರೂ ಒಂದು ಅಂಕ ಕಳೆಯುತ್ತಿದ್ದರು. ಇಂಥ ಮೇಷ್ಟ್ರೇ ನಿವೃತ್ತಿಯ ದುಡ್ಡಿನಲ್ಲಿ ಕಾರು ಕೊಂಡಾಗ ವಿಮೆಯ ಅರ್ಜಿ ಓದದೆ, ಏಜೆಂಟ್ ತೋರಿಸಿದ ಕಡೆಯೆಲ್ಲ ಸಹಿ ಹಾಕಿದ್ದರು. ಆ ಸಣ್ಣಕ್ಷರಗಳನ್ನು ಓದುವವರು ಊರಿಗೊಬ್ಬರು ಸಿಕ್ಕರೆ ಹೆಚ್ಚು.

ಕೊಂಡದ್ದು ಕಡಿಮೆ ಬೆಲೆಯ ಮಾದರಿ. ಹಾಡು ಕೇಳುವ ಸೆಟ್ಟು ಇರಲಿಲ್ಲ, ಗಾಲಿಗಳು ಬರೀ ಕಬ್ಬಿಣದವು. ಎಂಜಿನಿಯರಿಂಗ್ ಓದುತ್ತಿದ್ದ ಮಗನಿಗೆ ಅದು ಸರಿಬರುವುದುಂಟೇ? ಪಾಲಿಸಿ ಕೈಗೆ ಬಂದು ತಿಂಗಳಾಗುವಷ್ಟರಲ್ಲಿ ತಂದೆಯನ್ನು ಕಾಡಿ ಬೇಡಿ 22,000 ರೂಪಾಯಿಯ ಟಚ್‌ಸ್ಕ್ರೀನ್ ಸೆಟ್ಟನ್ನೂ 28,000 ರೂಪಾಯಿಯ ನಾಲ್ಕು ಅಲಾಯ್ ಗಾಲಿಗಳನ್ನೂ ಹಾಕಿಸಿಕೊಂಡ. ಅಂಗಡಿಯವನು ಮೇಷ್ಟ್ರ ಹಳೆಯ ಶಿಷ್ಯ. ಮೇಷ್ಟ್ರು ಗೊಣಗಿದರು ನಿಜ. ಆದರೆ ಹೊರಡುವ ಮುನ್ನ ಅವರೂ ಕಾರಿನ ಮುಂದೆ ಒಂದು ದಪ್ಪ ಕಬ್ಬಿಣದ ಗಾರ್ಡು ಹಾಕಿಸಿದರು. ದನ ಅಡ್ಡ ಬಂದರೆ ಕಾರಿಗೆ ಏನೂ ಆಗಬಾರದಲ್ಲ! ಇದನ್ನೆಲ್ಲ ವಿಮಾ ಕಂಪೆನಿಗೆ ತಿಳಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ದನ ಬರಲಿಲ್ಲ, ಮಳೆ ಬಂತು. ಗುಬ್ಬಿಯ ಕಡೆಯಿಂದ ಬರುವಾಗ ಕಾರು ಜಾರಿ ಮೋರಿಯ ಕಟ್ಟೆಗೆ ಗುದ್ದಿತು. ಪುಣ್ಯಕ್ಕೆ ಮಗನಿಗೆ ಏನೂ ಆಗಲಿಲ್ಲ. ಎಡಗಡೆಯ ಎರಡು ಗಾಲಿಗಳು ಸೀಳಿದವು, ಡ್ಯಾಶ್‌ಬೋರ್ಡು ಒಡೆದು ಸೆಟ್ಟು ಚೂರಾಯಿತು.

ಗ್ಯಾರೇಜಿಗೆ ಬಂದ ಸರ್ವೇಯರ್ ಮೃದು ಮಾತಿನವರು. ಪಾಲಿಸಿಯ ಹಾಳೆ ತಿರುವಿ, ‘ಇವು ಕಾರಿನ ಜತೆ ಬಂದವೋ, ಆಮೇಲೆ ಹಾಕಿಸಿದ್ದೋ?’ ಎಂದು ಕೇಳಿದರು. ಜತೆಗೆ ಬಂದಿದ್ದ ಶಿಷ್ಯ ಮೇಷ್ಟ್ರನ್ನು ಪಕ್ಕಕ್ಕೆ ಕರೆದ. ‘ಜತೆಗೇ ಬಂದದ್ದು ಅಂದ್ಬಿಡಿ ಸಾರ್. ಬೇಕಾದ ಚೀಟಿ ನಾನು ಮಾಡಿಕೊಡ್ತೀನಿ.’ ಪಾಪ, ಅವನದು ಗುರುಭಕ್ತಿಯೇ. ಸೆಟ್ಟು, ಎರಡು ಗಾಲಿ ಸೇರಿ 36,000 ರೂಪಾಯಿ. ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಮೊತ್ತವಲ್ಲ. ಮಗ ತಂದೆಯ ಮುಖವನ್ನೇ ನೋಡುತ್ತಿದ್ದ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರ್ವೇಯರ್ ಬಳಿ ಹೋಗಿ, ‘ಆಮೇಲೆ ಹಾಕಿಸಿದ್ದು. ನಿಮಗೆ ತಿಳಿಸಿರಲಿಲ್ಲ’ ಎಂದರು.

ಸರ್ವೇಯರ್ ಬರೆದುಕೊಂಡರು. ಆಮೇಲೆ ಅವರೇ ಬಿಡಿಸಿ ಹೇಳಿದರು. ವಿಮೆಯೆಂಬುದು ನಂಬಿಕೆಯ ಮೇಲೆ ನಿಂತ ಕರಾರು. ಮಾಲೀಕ ಹೇಳಿದ್ದರ ಮೇಲೆಯೇ ಕಂಪೆನಿ ಕಂತು ಕಟ್ಟಿಸಿಕೊಳ್ಳುತ್ತದೆ. ಕಾರ್ಖಾನೆಯಿಂದ ಬಂದದ್ದು ಕಾರಿನ ಬೆಲೆಯಲ್ಲೇ ಸೇರಿರುತ್ತದೆ, ಆಮೇಲೆ ಸೇರಿಸಿದ್ದನ್ನು ಬೆಲೆ ಸಮೇತ ಬರೆಸಬೇಕು. 2002ರ ಭಾರತೀಯ ಮೋಟಾರು ದರಪಟ್ಟಿಯ ಲೆಕ್ಕದಲ್ಲಿ ವಿದ್ಯುತ್ ಉಪಕರಣಗಳಿಗೆ ಅವುಗಳ ಬೆಲೆಯ ಶೇ. 4ರಷ್ಟು ಹೆಚ್ಚಿನ ಕಂತು. ಗಾಲಿಯಂಥವುಗಳ ಬೆಲೆಯನ್ನು ಕಾರಿನ ಬೆಲೆಗೆ ಕೂಡಿಸಿಕೊಳ್ಳುತ್ತಾರೆ. ‘ನಿಮ್ಮ ಸೆಟ್ಟಿಗೆ ವರ್ಷಕ್ಕೆ 880 ರೂಪಾಯಿ ಆಗ್ತಿತ್ತು ಸಾರ್.’ ಗಣಿತದ ಮೇಷ್ಟ್ರಿಗೆ ಬೇರೆಯವರು ಲೆಕ್ಕ ಹೇಳಿಕೊಡುವುದೆಂದರೆ ಗಾಯದ ಮೇಲೆ ಬರೆ ಎಳೆದಂತೆ.

ಅಷ್ಟಕ್ಕೇ ಮುಗಿಯಲಿಲ್ಲ. ‘ಈ ಗಾರ್ಡನ್ನು ಮಾತ್ರ ಬರೆಸಿದ್ದರೂ ಪ್ರಯೋಜನವಿರಲಿಲ್ಲ, ತೆಗೆಸಿಬಿಡಿ’ ಎಂದರು ಸರ್ವೇಯರ್. ಇಂಥ ಗಾರ್ಡುಗಳು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ ವಿರುದ್ಧವೆಂದು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ದಾರಿಹೋಕರಿಗೆ ಅಪಾಯ, ಏರ್‌ಬ್ಯಾಗಿನ ಕೆಲಸಕ್ಕೂ ಅಡ್ಡಿ. 2019ರ ತಿದ್ದುಪಡಿಯ ನಂತರ ಕಾನೂನು ಒಪ್ಪದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸವೂ ಆಗಬಹುದು. ಮಗ ಬೇರೆ ಕಡೆ ತಿರುಗಿ ನಗು ನುಂಗಿಕೊಂಡ.

ಆದರೆ ಅವನ ತಲೆಯಲ್ಲೂ ಒಂದು ಯೋಜನೆಯಿತ್ತು: ಪೆಟ್ರೋಲಿನ ಖರ್ಚು ಉಳಿಸಲು ಸಿ.ಎನ್.ಜಿ. ಕಿಟ್ಟು. ಅದಕ್ಕೆ ಒಪ್ಪಿಗೆ ಪಡೆದ ಕಿಟ್ಟೇ ಆಗಬೇಕು, ಆರ್.ಟಿ.ಓ. ಕಚೇರಿಯಲ್ಲಿ ಆರ್.ಸಿ.ಗೆ ಸೇರಬೇಕು, ಕಂಪೆನಿಗೂ ತಿಳಿಸಬೇಕು. ಕಿಟ್ಟಿನ ಬೆಲೆಗೂ ಅದೇ ಶೇ. 4, ಎದುರಿನವರಿಗೆ ಆಗುವ ಹಾನಿಯ ಬಾಬ್ತು ಇನ್ನು 60 ರೂಪಾಯಿ. ಅದನ್ನು ಮುಚ್ಚಿಟ್ಟರೆ ಕಿಟ್ಟಿನ ದುಡ್ಡಷ್ಟೇ ಅಲ್ಲ, ಇಡೀ ಪರಿಹಾರವೇ ತಕರಾರಿಗೆ ಬೀಳಬಹುದು.

ಬಾಗಿಲು, ಬಂಪರಿನ ರಿಪೇರಿಗೆ ಸವಕಳಿ ಕಳೆದು ಹಣ ಬಂತು. ಸೆಟ್ಟಿಗೆ, ಗಾಲಿಗಳಿಗೆ ಒಂದು ಕಾಸೂ ಬರಲಿಲ್ಲ. ಅಟ್ಟದ ಮೇಲಿದ್ದ ಕಬ್ಬಿಣದ ಗಾಲಿಗಳು ಕೆಳಗಿಳಿದವು. ಉಳಿದ ಬಿಲ್ಲಿಗಾಗಿ ಮಗ ಸಂಜೆ ಹೊತ್ತು ಹೈಸ್ಕೂಲು ಹುಡುಗರಿಗೆ ಪಾಠ ಹೇಳತೊಡಗಿದ. ಯಾರೂ ಅವನಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ಪಾಲಿಸಿ ನವೀಕರಿಸುವ ದಿನ ಮೇಷ್ಟ್ರು ಕನ್ನಡಕ ಏರಿಸಿ ಕೂತರು. ಹಾಳೆಯ ನೆತ್ತಿಗೆ ‘ದತ್ತ’ ಎಂದು ಬರೆದು ಅಡಿಗೆರೆ ಎಳೆದರು. ಮಗ ಕಾರಿನೊಳಗಿಂದ ಕೂಗಿ ಹೇಳಿದ: ಹಿಂದಿನ ಕ್ಯಾಮೆರಾ 3,500, ಸೀಟಿನ ಕವರು 6,000.

‘ಅಪ್ಪಾ, ಡ್ಯಾಶ್‌ಬೋರ್ಡಿನ ಗಣಪತಿ?’

‘ಎಷ್ಟು ಕೊಟ್ಟಿದ್ದು?’

‘ಅಮ್ಮ ಸಿದ್ಧಗಂಗೆ ಜಾತ್ರೆಯಲ್ಲಿ ನಲವತ್ತು ರೂಪಾಯಿಗೆ ತಂದದ್ದು.’

ಮೇಷ್ಟ್ರು ಅದನ್ನೂ ಬರೆದುಕೊಂಡರು.